ಕಲ್ಲಿಗೊಂದು ಇಂಗ್ಲಿಷ್ ಶಬ್ದ

ಸಂಡೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೊಬ್ಬರು ನನ್ನ ಸೋದರಮಾವನನ್ನು ಕೇಳಿದರು: "ಯಜಮಾನ್ರ, ನೀವು ಹಂಪಿಯಾಗ ಗೈಡ್ ಅದೀರಂತಲ್ರಿ. ಯಾಂಡರ್ ಅಂದ್ರ ಏನ್ರಿ? ನಮ್ಮ ಹುಡುಗಿ ಪುಸ್ತಕದಾಗ ಬಂದೈತಿ."

ಮಾಮ ಎಲೆಯ ಮೇಲಿನ ಕೈ ತಡೆದು, ಬಾಗಿಲಾಚೆ ಕಣ್ಣು ಹಾಯಿಸಿದರು. ಸಂಡೂರಿನಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಗುಡ್ಡವೇ. ಒಂದಷ್ಟು ಹೊತ್ತು ಹುಡುಕಿದವರಂತೆ ನೋಡಿ, "ಅದು ಇಲ್ಲಿಲ್ರಿ. ಹಂಪಿಯಾಗ ಐತಿ," ಎಂದರು.

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಮಾಮ ತಮಾಷೆ ಮಾಡಿದರೆಂದು ಅವರೆಲ್ಲ ತಿಳಿದಿದ್ದರು. ಅದು ತಮಾಷೆಯಲ್ಲವೆಂದು ನನಗೆ ಗೊತ್ತಿತ್ತು, ಆದರೂ ನಕ್ಕೆ. ಆ ನಗು ಈಗ ನನಗೇ ತಿರುಗಿ ಚುಚ್ಚುತ್ತದೆ.

ಯಾಂಡರ್ ಎಂದರೆ ಅಗೋ ಅಲ್ಲಿ, ದೂರದಲ್ಲಿ ಎಂಬ ಅರ್ಥದ ಹಳೆಯ ಇಂಗ್ಲಿಷ್ ಮಾತು. ಈಗ ಯಾರೂ ಆಡುವುದಿಲ್ಲ. ಮಾಮನ ಲೆಕ್ಕದಲ್ಲಿ ಮಾತ್ರ ಅದು ಮಹಾನವಮಿ ದಿಬ್ಬದ ಮೇಲೆ ನಿಂತು ಕೈ ಚಾಚಿದರೆ ಕಾಣುವ ಮತಂಗ ಬೆಟ್ಟ. ಅವರ ಇಂಗ್ಲಿಷೆಲ್ಲ ಹೀಗೆಯೇ, ಒಂದೊಂದು ಶಬ್ದಕ್ಕೆ ಒಂದೊಂದು ಕಲ್ಲು. ಸ್ಟೀಡ್ ಎಂದರೆ ದಿಬ್ಬದ ಗೋಡೆಯಲ್ಲಿ ಕೆತ್ತಿದ ಕುದುರೆ. ಡ್ಯಾಮ್ಸೆಲ್ ಎಂದರೆ ಅದರ ಮೇಲಿನ ಸಾಲಿನಲ್ಲಿ ಕೋಲಾಟವಾಡುವ ಹುಡುಗಿ. ಅಬ್ಲೂಷನ್ಸ್ ಎಂದರೆ ರಾಣಿಯ ಸ್ನಾನಗೃಹ. ರಿಪಾಸ್ಟ್ ಎಂದರೆ ಕಲ್ಲಿನಲ್ಲಿ ಕೊರೆದ ಊಟದ ತಟ್ಟೆಗಳ ಸಾಲು. ಕುದುರೆ, ಹುಡುಗಿ, ಸ್ನಾನ, ಊಟ ಎಂದು ನಿಘಂಟು ಒಂದೊಂದು ಪದದಲ್ಲಿ ಮುಗಿಸಿಬಿಡುವುದನ್ನು ಮಾಮ ಕೈ ಹಿಡಿದು ಕರೆದೊಯ್ದು ತೋರಿಸುತ್ತಿದ್ದರು.

ಮಾಮ ಶಾಲೆಯನ್ನು ಅರ್ಧಕ್ಕೇ ಬಿಟ್ಟವರು, ಕಂಪ್ಲಿಯವರು. ಹಿಂದೆ ಹಂಪಿಯಲ್ಲಿ ಗೈಡ್ ಆಗಬೇಕಾದವನು ಪುಸ್ತಕ ಓದುತ್ತಿರಲಿಲ್ಲ, ಹಿರಿಯ ಗೈಡೊಬ್ಬನ ಬೆನ್ನು ಹತ್ತುತ್ತಿದ್ದ. ಅವನು ಎಲ್ಲಿ ನಿಂತು ಏನು ಹೇಳುತ್ತಾನೋ ಅಲ್ಲಿಯೇ ನಿಂತು ಅದನ್ನೇ ಬಾಯಿಪಾಠ ಮಾಡುವುದು. ಮಾಮನ ಗುರು ಕಮಲಾಪುರದ ಬಂಗಲೆಯಲ್ಲಿ ಅಡಿಗೆಗಿದ್ದ ಮುದುಕ. ಅಲ್ಲಿಗೆ ಬಂದುಹೋಗುತ್ತಿದ್ದ ಬಿಳಿಯ ದೊರೆಗಳ ಬಾಯಿಂದ ಉದುರಿದ್ದನ್ನು ಆರಿಸಿಕೊಂಡು ಗೈಡ್ ಆದವನು. ಅವನಿಂದ ಮಾಮನಿಗೆ, ಮಾಮನಿಂದ ನನಗೆ ಆ ಇಂಗ್ಲಿಷ್ ಬಂತು. ನಾನು ಕಾಲೇಜು ಮೆಟ್ಟಿಲು ಹತ್ತುವ ಮೊದಲು ಅವರ ಹಿಂದೆಯೇ ತಿರುಗಿದವನು. ಒಮ್ಮೆ, "ಬಿಹೋಲ್ಡ್ ಅಂದ್ರೇನ್ರಿ ಮಾಮಾ?" ಎಂದು ಕೇಳಿದ್ದೆ. "ಅಷ್ಟೂ ತಿಳಿಯಂಗಿಲ್ಲೇನಲೇ? ಛತ್ರಿ ಎತ್ತೋದು," ಎಂದಿದ್ದರು. ಬಿಹೋಲ್ಡ್ ಎಂದರೆ ನೋಡಿರಿ ಎಂದು ನನಗೆ ಆಮೇಲೆ ತಿಳಿಯಿತು. ಆದರೆ ಅವರು ಬಿಹೋಲ್ಡ್ ಎಂದು ಛತ್ರಿ ಎತ್ತಿದರೆ ಎಂಥ ಗುಂಪೂ ತಲೆ ಎತ್ತಿ ನೋಡುತ್ತಿತ್ತು. ಅರ್ಥ ಕೆಟ್ಟಿದ್ದಾದರೂ ಎಲ್ಲಿ?

ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಬ್ಬ ಹುಡುಗ ಮಾಮನ ವಿಡಿಯೋ ಮಾಡಿ ಹರಿಬಿಟ್ಟ. ಮಾಮ ಛತ್ರಿ ಎತ್ತಿ, "ಬಿಹೋಲ್ಡ್ ದ ಸ್ಟೀಡ್!" ಎನ್ನುವುದು, ಹಿಂದಿನಿಂದ ಗೆಳೆಯರ ಕಿಸಿಕಿಸಿ. ಅದು ಊರೆಲ್ಲ ಸುತ್ತಿ ನನ್ನ ಮೊಬೈಲಿಗೂ ಬಂತು. ಆಗ ತೋರಣಗಲ್ಲಿನ ಕಾರ್ಖಾನೆಗೆ ಬರುವ ಪರದೇಶದ ಅತಿಥಿಗಳಿಗೆ ಹಂಪಿ ತೋರಿಸುವ ಕೆಲಸ ನನಗೆ ಹೊಸದಾಗಿ ಕೂಡಿ ಬಂದಿತ್ತು. ಅವರನ್ನು ಕರೆತರುವ ಅಧಿಕಾರಿ ಜೀಪಿನಲ್ಲಿ ಕುಳಿತು ಆ ವಿಡಿಯೋ ನನಗೇ ತೋರಿಸಿ, "ಇವ್ರು ನಿಮಗ ಬೇಕಾದವರಂತಲ್ರಿ?" ಎಂದ. ದೂರದ ಸಂಬಂಧ ಎಂದುಬಿಟ್ಟೆ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚಿಸಿದ ಮಾವ, ದೂರದ ಸಂಬಂಧ!

ಅದೇ ಹೊತ್ತಿಗೆ ಗೈಡುಗಳು ಕೂಡುವ ಚಹದಂಗಡಿಯಲ್ಲಿ ಒಂದು ಸುದ್ದಿ ಎದ್ದಿತು. ಈ ಸಲ ಗುರುತಿನ ಚೀಟಿ ಹೊಸದು ಮಾಡುವಾಗ ಎಲ್ಲರಿಗೂ ಇಂಗ್ಲಿಷ್ ಪರೀಕ್ಷೆಯಂತೆ, ಸರಿಯಾಗಿ ಮಾತಾಡದವರ ಚೀಟಿ ಕಿತ್ತುಕೊಳ್ಳುತ್ತಾರಂತೆ. ಚೀಟಿ ಇಲ್ಲದಿದ್ದರೆ ಗೈಡ್ ಕೆಲಸ ಇಲ್ಲ. ನನಗೆ ಅಂಥದೊಂದು ನೆವ ಬೇಕಾಗಿತ್ತು. ಹೊಸಪೇಟೆಯಿಂದ ಕಂಪ್ಲಿಯ ಬಸ್ ಹತ್ತಿ ಮಾಮನ ಮನೆಗೆ ಹೋದೆ.

"ಮಾಮಾ, ನಿಮ್ಮ ಇಂಗ್ಲಿಷ್ ಭಾಳ ಹಳೇದಾತ್ರಿ. ಈಗ ಹಂಗ ಯಾರೂ ಮಾತಾಡಂಗಿಲ್ಲ. ಚೀಟಿ ಹೋಕ್ಕೈತಿ ನೋಡ್ರಿ ಮತ್ತ."

ಮಾಮ ಎಲೆಗೆ ಸುಣ್ಣ ಸವರುತ್ತಿದ್ದವರು ನಿಲ್ಲಿಸಿದರು. ಹೆದರಿದ್ದು ಮುಖದಲ್ಲೇ ಕಂಡಿತು. "ಹಳೇದೂ ಹೊಸದೂ ಇರ್ತೈತೇನೋ ಇಂಗ್ಲಿಷಿನಾಗ? ನನಗ್ಯಾರೂ ಹೇಳಲೇ ಇಲ್ಲ. ಹಂಗಾರ ಹೊಸದು ನೀನ ಕಲಿಸು ಅಳಿಯಾ," ಎಂದರು.

ಕಲಿಸಿದೆ. ಬಿಸಿಲು ಇಳಿದ ಮೇಲೆ ಅವರ ಮನೆಯ ಕಟ್ಟೆಯೇ ಶಾಲೆ. ಸ್ಟೀಡ್ ಅನ್ನಬ್ಯಾಡ್ರಿ, ಹಾರ್ಸ್ ಅನ್ನಿ. ಡ್ಯಾಮ್ಸೆಲ್ ಬ್ಯಾಡ, ಗರ್ಲ್. ರಿಪಾಸ್ಟ್ ಬ್ಯಾಡ, ಫುಡ್. ಹಿದರ್ ಅಲ್ಲ, ಹಿಯರ್. ಛತ್ರಿ ಎತ್ತಬ್ಯಾಡ್ರಿ, ಸುಮ್ಮನೆ ಲುಕ್ ಅಂದರಾಯಿತು. ಹಳೆಯ ಶಬ್ದ ತಪ್ಪಿ ಬಾಯಿಗೆ ಬಂದರೆ ನಾನು "ಹೂಂ?" ಎನ್ನುತ್ತಿದ್ದೆ. ಮಾಮ ನಾಲಗೆ ಕಚ್ಚಿಕೊಂಡು, "ಹಾರ್ಸ್, ಹಾರ್ಸ್," ಎಂದು ತಿದ್ದಿಕೊಳ್ಳುತ್ತಿದ್ದರು. ಅತ್ತೆ ಒಳಗಿಂದ, "ಈ ವಯಸ್ಸಿನಾಗ ಅವರಿಗ್ಯಾಕ ಇದೆಲ್ಲಾ?" ಎಂದು ಗೊಣಗಿದರೆ, "ನೀ ಸುಮ್ನಿರು, ಅವನಿಗೆ ತಿಳೀತೈತಿ," ಎಂದು ಮಾಮನೇ ಅವರ ಬಾಯಿ ಮುಚ್ಚಿಸಿದರು. ಅಷ್ಟು ನಂಬಿದ್ದರು ನನ್ನನ್ನು. ನನಗೋ, ಮುದುಕರಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಹಮ್ಮು.

ಹೊಸಪೇಟೆಯಲ್ಲಿ ಚೀಟಿ ಕೊಡುವ ದಿನ ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜತೆ ಸಾಲಿನಲ್ಲಿ ನಿಂತರು. ಗುಣುಗುಣು ಎಂದು ಹಾರ್ಸ್, ಗರ್ಲ್, ಫುಡ್ ಒಪ್ಪಿಸಿಕೊಳ್ಳುತ್ತಲೇ ಇದ್ದರು. ಮೇಜಿನ ಹಿಂದಿದ್ದವರು ಫೋಟೋ ನೋಡಿದರು, ಮುಖ ನೋಡಿದರು, "ಊಟ ಆತೇನ್ರಿ ಹಿರಿಯರ?" ಎಂದು ಕನ್ನಡದಲ್ಲೇ ಕೇಳಿ ಚೀಟಿ ಕೈಗಿಟ್ಟರು. ಅಷ್ಟೇ. ಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಚಹದಂಗಡಿಯ ಸುದ್ದಿ ಚಹದಂಗಡಿಯಲ್ಲೇ ಹುಟ್ಟಿದ್ದು. ಹೊರಗೆ ಬಂದು ಮಾಮ, "ಇಂಗ್ಲಿಷ್ ಕೇಳಲೇ ಇಲ್ಲಲ್ಲೋ," ಎಂದು ಮಗುವಿನ ಹಾಗೆ ಪೆಚ್ಚಾದರು. ನಾನು ನಕ್ಕು, ಕಲಿತದ್ದು ಎಲ್ಲಿಗೆ ಹೋಗುತ್ತದೆ, ಉಪಯೋಗಕ್ಕೆ ಬರುತ್ತದೆ ಎಂದೆ.

ಆ ವಾರವೇ ಮಾಮ ಒಂದು ಗುಂಪು ಹಿಡಿದರು. ನಾನೂ ದಿಬ್ಬದ ಹತ್ತಿರವೇ ಬೇರೆ ಜನರೊಂದಿಗೆ ಇದ್ದೆ. ಮಾಮ ಕಲ್ಲು ಕುದುರೆಯ ಮುಂದೆ ನಿಂತು, "ದಿಸ್ ಈಸ್ ಹಾರ್ಸ್," ಎಂದರು. ಗುಂಪು ನೋಡಿತು. ಮಾಮ ಇನ್ನೊಮ್ಮೆ, "ಹಾರ್ಸ್," ಎಂದರು. ಮುಂದೆ ಏನೂ ಬರಲಿಲ್ಲ. ಆಮೇಲೆ ಅವರು ದಿಬ್ಬ ಹತ್ತುವುದನ್ನೇ ಬಿಟ್ಟು, ಆಗಲೇ ನೋಡಿ ಬಂದಿದ್ದ ಸ್ನಾನಗೃಹದ ಕಡೆಗೆ ಮತ್ತೆ ನಡೆದರು. ಜನ ಒಂದಷ್ಟು ದೂರ ಹಿಂದೆ ಹೋದರು, ಒಬ್ಬರ ಮುಖ ಒಬ್ಬರು ನೋಡಿದರು, ತಾವೇ ಬೇರೆ ದಾರಿ ಹಿಡಿದರು. ಮಾಮ ಹಾದಿಯ ನಡುವೆ ಒಬ್ಬರೇ ನಿಂತಿದ್ದರು.

ಓಡಿಹೋಗಿ ಬೇವಿನ ನೆರಳಿಗೆ ಕರೆತಂದು ನೀರು ಕೊಟ್ಟೆ. ಬಿಸಿಲಿಗೆ ತಲೆ ಸುತ್ತಿತೇ ಎಂದು ಕೇಳಿದೆ. ಮಾಮ ತಲೆ ಅಲ್ಲಾಡಿಸಿದರು.

"ಬಿಸಿಲಲ್ಲೋ. ಮೊದಲು ಸ್ಟೀಡ್ ಅಂದಕೂಡ್ಲೆ ಡ್ಯಾಮ್ಸೆಲ್ ತಾನಾಗೇ ಬಾಯಿಗೆ ಬರ್ತಿತ್ತು, ಕಾಲು ಅತ್ತಾಗ ಹೋಕ್ಕಿತ್ತು. ಡ್ಯಾಮ್ಸೆಲ್ ಅಂದ್ರ ಮೇಲಕ್ಕ ಹತ್ತೋದು, ಯಾಂಡರ್ ಅಂದ್ರ ಇಳಿಯೋದು. ಈ ಹಾರ್ಸಿನ ಮುಂದ ಏನೂ ಇಲ್ಲ ನೋಡು."

ಆಗ ನನಗೆ ಅರ್ಥವಾಯಿತು. ಮಾಮನಿಗೆ ಹಂಪಿಯ ದಾರಿ ಬೇರೆ, ಮಾತು ಬೇರೆ ಆಗಿರಲಿಲ್ಲ. ಶಬ್ದ ಹಿಡಿದುಕೊಂಡು ಶಬ್ದ, ಅದರ ಹಿಂದೆ ಕಾಲು. ನಾನು ದಾರದ ಮಣಿಗಳನ್ನು ಒಂದೊಂದಾಗಿ ಬದಲಿಸುತ್ತಿದ್ದೇನೆಂದು ತಿಳಿದು ದಾರವನ್ನೇ ಎಳೆದು ಹಾಕಿದ್ದೆ. ಸ್ಟೀಡ್ ಎಂದರೆ ಕುದುರೆ ಎಂದು ನನಗೆ ಗೊತ್ತಿತ್ತು. ಮಾಮನ ಪಾಲಿಗೆ ಅದು ಮುಂದಿನ ಹೆಜ್ಜೆ ಎಂಬುದು ಅದೇ ಪಾಠದಲ್ಲಿ ಬೆಳೆದ ನನಗೆ ಹೊಳೆಯದೆ ಹೋಯಿತಲ್ಲ! ಹೊಳೆಯಲಿಲ್ಲವೋ, ಹೊಳೆಯಲು ಬಿಡಲಿಲ್ಲವೋ. ಆ ಜೀಪಿನ ಮಾತು ನೆನೆದರೆ ಎರಡನೆಯದೇ ನಿಜವೆನಿಸುತ್ತದೆ. ನಾನು ಮಾಮನ ಇಂಗ್ಲಿಷ್ ತಿದ್ದಿದ್ದು ಅವರ ಚೀಟಿ ಉಳಿಯಲಿ ಎಂದಲ್ಲ. ನನ್ನ ಮರ್ಯಾದೆ ಉಳಿಯಲಿ ಎಂದು.

ಹಿಂದಕ್ಕೆ ತಿರುಗಿಸಲು ನೋಡಿದೆ. ಜನರಿಲ್ಲದ ಬೆಳಗಿನ ಹೊತ್ತು ಮಾಮನನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿ, "ಮೊದಲಿನಂಗ ಹೇಳ್ರಿ ಮಾಮಾ, ನಾ ಹೇಳಿದ್ದೆಲ್ಲಾ ಸುಳ್ಳು," ಎಂದೆ. ಅವರು ಛತ್ರಿಯನ್ನು ಅರ್ಧಕ್ಕೆ ಎತ್ತಿದರು. "ಬಿಹೋಲ್ಡ್" ಎಂದು ಶುರು ಮಾಡಿ ನನ್ನ ಮುಖ ನೋಡಿದರು. ನಾನು ಹೂಂ ಎನ್ನುತ್ತೇನೇನೋ ಎಂದು ಕಾದರು. "ಯಾವುದು ಖರೆ ಅಂತ ಒಂದಾರ ಹೇಳಪ್ಪಾ," ಎಂದು ಛತ್ರಿ ಇಳಿಸಿದರು. ನಾನು ಚಿಕ್ಕವನಿದ್ದಾಗ ಒಂದು ಶಬ್ದ ತಪ್ಪಿದರೆ ತಲೆಗೆ ಮೊಟಕುತ್ತಿದ್ದ ಮನುಷ್ಯ, ಈಗ ಬಾಯಿ ತೆರೆಯಲು ನನ್ನ ಅಪ್ಪಣೆಗೆ ಕಾಯುತ್ತಿದ್ದರು.

ಅವತ್ತಿನಿಂದ ಮಾಮ ಸ್ವಂತ ಗುಂಪು ಹಿಡಿಯುವುದಿಲ್ಲ. ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲವೆಂದು ಬೆಳಗಿನ ಬಸ್ಸಿಗೆ ಕಂಪ್ಲಿಯಿಂದ ಬಂದು ನನ್ನ ಗುಂಪಿನ ಹಿಂದೆ ನಡೆಯುತ್ತಾರೆ. ಚೀಟಿ ಕೊರಳಲ್ಲಿರುತ್ತದೆ. ವಯಸ್ಸಾದ ಅತಿಥಿಗಳಿಗೆ ಮೆಟ್ಟಿಲ ಬಳಿ ಕೈ ಕೊಡುತ್ತಾರೆ. ಮಾತಾಡುವುದು ನಾನು. ನನ್ನ ಇಂಗ್ಲಿಷಿಗೆ ಯಾರೂ ನಗುವುದಿಲ್ಲ, ಯಾರೂ ತಲೆ ಎತ್ತುವುದೂ ಇಲ್ಲ. ಅರ್ಧ ಜನ ಮೊಬೈಲ್ ನೋಡುತ್ತಿರುತ್ತಾರೆ.

ಈ ಚಳಿಗಾಲದಲ್ಲಿ ಪುಣೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹಿಂದೊಮ್ಮೆ ತಂದೆಯ ಜತೆ ಹಂಪಿಗೆ ಬಂದಿದ್ದಳಂತೆ. ತಂದೆ ಇಂಗ್ಲಿಷ್ ಪ್ರಾಧ್ಯಾಪಕರು, ಈಗ ತೀರಿಕೊಂಡಿದ್ದಾರೆ. ಇಲ್ಲಿಯ ಒಬ್ಬ ಗೈಡನ ಇಂಗ್ಲಿಷ್ ಅವರಿಗೆ ಎಷ್ಟು ಹಿಡಿಸಿತ್ತೆಂದರೆ ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ರಿಪಾಸ್ಟ್ ಸಿದ್ಧವೇ ಎಂದು ಕೇಳುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲೂ ಆ ಗೈಡನನ್ನು ನೆನೆದು ನಕ್ಕಿದ್ದರಂತೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ, ಆ ಹಿರಿಯರ ಬಾಯಿಂದ ಅದನ್ನು ಇನ್ನೊಮ್ಮೆ ಕೇಳಬೇಕೆಂದೇ ಬಂದೆ, ಅವರು ಎಲ್ಲಿ ಸಿಗುತ್ತಾರೆ ಎಂದು ನನ್ನನ್ನು ಕೇಳಿದಳು.

ಮಾಮ ನನ್ನ ಹೆಗಲ ಹಿಂದೆಯೇ ನಿಂತಿದ್ದರು. ಅವಳಿಗೆ ಗುರುತು ಹತ್ತಲಿಲ್ಲ. ನೆಟ್ಟಗೆ ನಿಂತು ಗುಂಪಿಗೆ ಗುಂಪನ್ನೇ ನಡೆಸುತ್ತಿದ್ದವರನ್ನು ಅವಳು ನೋಡಿದ್ದು. ಇವರೇ ಅವರು ಎನ್ನಬೇಕು ಎಂದುಕೊಂಡೆ. ಅಂದರೆ ಅವಳು ಹೇಳಿ ಎನ್ನುತ್ತಾಳೆ, ಮಾಮ ನನ್ನ ಮುಖ ನೋಡುತ್ತಾರೆ, ಹಾರ್ಸ್ ಎನ್ನುತ್ತಾರೆ. ಆಮೇಲೆ ಏನಾಯಿತೆಂದು ಅವಳು ನನ್ನನ್ನೇ ಕೇಳುತ್ತಾಳೆ.

"ಅವರು ಈಗ ಇಲ್ಲಿಲ್ಲ, ಮೇಡಂ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವಳ ಮುಖ ಸಣ್ಣಗಾಯಿತು. ನಂಬಿಕೆ ಬರದವಳಂತೆ ನನ್ನ ಹಿಂದಿದ್ದ ಹಿರಿಯರ ಕಡೆ ನೋಡಿದಳು. ಮಾಮ ಒಂದು ಹೆಜ್ಜೆ ಮುಂದೆ ಬಂದು, ಕೈ ಮುಗಿದು, ಮೆಲ್ಲಗೆ ಹೇಳಿದರು: "ಯೆಸ್, ಮೇಡಂ. ಹಿ ಈಸ್ ನಾಟ್ ಹಿಯರ್ ನೌ."

ಎಲ್ಲೂ ತಡವರಿಸಲಿಲ್ಲ. ನಾನು ಕಲಿಸಿದ ಹಾಗೆಯೇ ಹೇಳಿದರು.