ಎಸೆದದ್ದು: ಎರಡು

ಊರಿನ ಮಕ್ಕಳಿಗೆಲ್ಲ ಅವಳು ಚುಚ್ಚಕ್ಕ. ಆರೋಗ್ಯ ಕೇಂದ್ರದ ಲಸಿಕೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿ, ಒಂದೇ ಮೇಜು. ರಸ್ತೆಯಲ್ಲಿ ಎದುರು ಬಂದರೆ ಮಕ್ಕಳು ಎಡತೋಳು ಮುಚ್ಚಿಕೊಂಡು ಆಚೆ ಬದಿಗೆ ದಾಟುತ್ತಿದ್ದವು. ಸೂಜಿ ಕಂಡರೆ ಗೋಡೆಯ ಕಡೆ ಮುಖ ಮಾಡುವ ನಮ್ಮಂಥ ಗಂಡಸರೂ ದಾಟುತ್ತಿದ್ದೆವು, ಏನೋ ಕೆಲಸ ನೆನಪಾದವರಂತೆ.

ಸೂಜಿಯಿಂದ ಅವಳಿಗೆಂದೂ ದಣಿವಾಗಿರಲಿಲ್ಲ. ದಣಿವಾದದ್ದು ಕಾರ್ಡುಗಳಿಂದ. ಮೊದಲು ಊರಿಗೆಲ್ಲ ಒಂದೇ ಬಣ್ಣದ ಕಾರ್ಡು. ಆಮೇಲೆ ಜನ ಕೆಲಸ ಇದ್ದ ದೇಶಕ್ಕೆ ಹೋಗಿ ಬರತೊಡಗಿದರು, ಒಂದೊಂದು ಮಗುವಿನ ಜೊತೆ ಒಂದೊಂದು ಲಿಪಿ ಬಂದು ಮೇಜಿನ ಮೇಲೆ ಬಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅವಳೇ ಗೆರೆ ಎಳೆದು ಪಟ್ಟಿ ಮಾಡಿಕೊಂಡಿದ್ದಳು. ಒಂದು ದೇಶದಲ್ಲಿ ಕಾರ್ಡಿಲ್ಲದ ಮಗುವಿಗೆ ಶಾಲೆಯ ಗೇಟೇ ತೆರೆಯದು. ಇನ್ನೊಂದರಲ್ಲಿ ಅಪ್ಪ ಅಮ್ಮನಿಗೆ ದಂಡ. ಮತ್ತೊಂದರಲ್ಲಿ ವಿನಯದಿಂದ ಕಾಗದ ಬರೆದು ಸುಮ್ಮನಾಗುತ್ತಾರೆ. ಎಲ್ಲೋ ಒಂದು ಕಡೆ ನರ್ಸೇ ಮನೆಮನೆ ತಿರುಗುತ್ತಾಳೆ. ಅದನ್ನು ಬರೆಯುವಾಗ ಚುಚ್ಚಕ್ಕನ ಮಂಡಿ ತಾನಾಗಿ ನೋಯತೊಡಗಿತ್ತು.

ದಡಾರದ ಲಸಿಕೆಯದು ದೊಡ್ಡ ತಲೆನೋವು. ಕೆಲವು ಕಡೆ ಒಂಬತ್ತು ತಿಂಗಳಿಗೆ, ಕೆಲವು ಕಡೆ ವರ್ಷ ತುಂಬಿದ ಮೇಲೆ. ಇಲ್ಲಿ ಶಾಲೆಗೆ ಸೇರಲು ನಿಯಮವೆಂದರೆ ವರ್ಷ ತುಂಬಿದ ಮೇಲೆ ಎರಡು, ನಡುವೆ ಒಂದು ತಿಂಗಳು. ಅದಕ್ಕಿಂತ ಮುಂಚೆ ಹಾಕಿಸಿದ್ದು ಲೆಕ್ಕಕ್ಕಿಲ್ಲ. ವಾದಕ್ಕೆ ಬಂದವರಿಗೆಲ್ಲ ಅವಳದು ಒಂದೇ ಉತ್ತರ: “ಬರೆದಿಲ್ಲ ಅಂದ್ರೆ ಹಾಕಿಲ್ಲ.”

ಆ ಬುಧವಾರ ಬೆಳಿಗ್ಗೆ ಬಂದವಳು ಬಟ್ಟೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಹೊಲಿಗೆಯವಳು. ತೋಳಿಗೆ ದಾರದ ಎಳೆಗಳಿನ್ನೂ ಅಂಟಿದ್ದವು. ಆರು ವರ್ಷದ ಮಗಳನ್ನು ಬೀದಿಯ ತುದಿಯ ಶಾಲೆಗೆ ಸೇರಿಸಬೇಕಿತ್ತು. ಮಗಳ ಕಾರ್ಡಿನಲ್ಲಿ ದಡಾರಕ್ಕೆ ಒಂಬತ್ತು ತಿಂಗಳ ಒಂದೇ ಗುರುತು.

“ಒಂಬತ್ತು ತಿಂಗಳದ್ದು ಇಲ್ಲಿ ನಡೆಯಲ್ಲಮ್ಮ. ಇವತ್ತೊಂದು, ತಿಂಗಳು ಬಿಟ್ಟು ಇನ್ನೊಂದು.”

“ಅಕ್ಕಾ, ಶಾಲೆ ಪಟ್ಟಿ ಶುಕ್ರವಾರಕ್ಕೇ ಮುಗಿಯುತ್ತಲ್ಲ! ಇಲ್ಲಿ ಸೀಟು ತಪ್ಪಿದ್ರೆ ಎರಡು ಬಸ್ಸು ಹತ್ತಿ ಆ ಕಡೆ ಶಾಲೆಗೆ ಹೋಗ್ಬೇಕು. ಹದಿನಾಲ್ಕು ತಿಂಗಳಿಗೆ ಒಂದು ಹಾಕ್ಸಿದ್ದೆ, ದೇವ್ರಾಣೆ. ಮನೆ ಬದಲಾಯಿಸುವಾಗ ಚೀಟಿ ಕಳೆದೋಯ್ತು.”

“ಬರೆದಿಲ್ಲ ಅಂದ್ರೆ ಹಾಕಿಲ್ಲ.”

“ದಡಾರ ಏನು, ಚೀಟಿ ಕೇಳ್ಕೊಂಡು ಬರುತ್ತಾ?”

ಈ ಪ್ರಶ್ನೆಯನ್ನು ಚುಚ್ಚಕ್ಕ ಬಲ್ಲ ಭಾಷೆಗಳಲ್ಲೂ ಬಾರದ ಭಾಷೆಗಳಲ್ಲೂ ಕೇಳಿದ್ದಳು. ಸೂಜಿ ಹಾಕಿದಳು, “ಮೊದಲನೇದು” ಎಂದು ಬರೆದಳು, ಅಳುವ ಹುಡುಗಿಗೆ ಒಂದು ಕಿವಿ ಕಿತ್ತುಹೋದ ಬಟ್ಟೆ ಮೊಲ ಕೊಟ್ಟಳು. ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ತಾಯಿ ಬೆಂಚಿನ ಮೇಲೆ ಗೋಡೆಗೊರಗಿದವಳು ಎರಡೇ ನಿಮಿಷಕ್ಕೆ ನಿದ್ದೆ ಹೋದಳು.

ಅಷ್ಟರಲ್ಲಿ ಚುಚ್ಚಕ್ಕನ ತಂಗಿಯ ಮಗಳು ಬಂದಳು, ಅದೇ ವಯಸ್ಸಿನ ಮಗಳ ಕೈ ಹಿಡಿದುಕೊಂಡು. ಅವಳ ಗಂಡ ಲಿಫ್ಟು ಕೂರಿಸುವವನು. ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಸಂಸಾರ. ಬೇಕಾದದ್ದು ಅದೇ ಶಾಲೆ, ಅದೇ ಶುಕ್ರವಾರ. ಕಾರ್ಡಿನಲ್ಲಿ ಇದ್ದದ್ದೂ ಅದೇ ಒಂಬತ್ತು ತಿಂಗಳ ಒಂದು ಗುರುತು.

“ಆಮೇಲಿನ ದೇಶದಲ್ಲಿ ಹಾಕಿಸ್ಲಿಲ್ವೇನೇ?”

“ಅಲ್ಲಿ ಕಡ್ಡಾಯ ಇಲ್ಲ ದೊಡ್ಡಮ್ಮ. ‘ದಯವಿಟ್ಟು ಯೋಚಿಸಿ’ ಅಂತ ಕಾಗದ ಬಂದಿತ್ತು. ಇವ್ರು ಯೋಚಿಸ್ತಾ ಇದ್ರು.”

“ಎಷ್ಟು ದಿನ?”

“ನಾಲ್ಕು ವರ್ಷ.” ತಂಗಿಯ ಮಗಳು ದನಿ ತಗ್ಗಿಸಿದಳು. “ಆದ್ರೆ ಒಂದು ನೀವೇ ಹಾಕಿದ್ರಲ್ಲ, ರಜೆಗೆ ಬಂದಾಗ. ಇದೇ ಕುರ್ಚಿ. ಅದನ್ನ ಮೊದಲನೇದು ಅಂತ ಬರೆದ್ರೆ ಇವತ್ತಿನದು ಎರಡನೇದು. ಸೀಟು ಸಿಕ್ಕಿಬಿಡುತ್ತೆ.”

ಚುಚ್ಚಕ್ಕ ಮರೆತಿರಲಿಲ್ಲ. ಕೂಸಿಗೆ ಹದಿಮೂರು ತಿಂಗಳು. ಕೋಣೆ ಮುಚ್ಚುವ ಹೊತ್ತು, ತೆರೆದ ಸೀಸೆಯಲ್ಲಿ ಇಬ್ಬರಿಗಾಗುವಷ್ಟು ಮದ್ದು ಉಳಿದಿತ್ತು. ಒಮ್ಮೆ ತೆರೆದದ್ದನ್ನು ಸಂಜೆಗೆ ಎಸೆಯಲೇಬೇಕು. ಎಸೆಯುವ ಬದಲು ನಮ್ಮ ಕೂಸಿನ ತೋಳಿಗಾದರೂ ಹೋಗಲಿ ಎಂದು ಹಾಕಿದ್ದಳು. ಪರದೇಶದ ಕೂಸಿಗೆ ಇಲ್ಲಿಯ ನಂಬರಿಲ್ಲ, ಕಾರ್ಡು ಅಲ್ಲೇ ಉಳಿದಿದೆ, ನಾಳೆ ಬರೆದರಾಯಿತು ಎಂದುಕೊಂಡಿದ್ದಳು. ಆ ನಾಳೆ ಇವತ್ತು ಬಂದು ಎದುರಿಗೆ ನಿಂತಿತ್ತು.

ಕಪಾಟಿನಿಂದ ಹಳೆಯ ರಿಜಿಸ್ಟರು ಇಳಿಸಿದಳು. ಆ ದಿನದ ಪುಟದ ಕೊನೆಗೆ, ಕೈಯ ಅಭ್ಯಾಸಬಲದಿಂದ, ಅವಳದೇ ಗುಂಡು ಅಕ್ಷರ: ಎಸೆದದ್ದು: ಎರಡು. ಮೇಲೆ ಒಂದು ಸಾಲು ಖಾಲಿ. ಪೆನ್ನು ಕೈಯಲ್ಲಿತ್ತು, ಸೀಲು ಮೇಜಿನ ಮೇಲಿತ್ತು. ಬೆಂಚಿನ ಕಡೆ ನೋಡಿದಳು. ಹೊಲಿಗೆಯವಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅವಳು ಎಚ್ಚರವಾಗಿದ್ದು ಇತ್ತ ನೋಡುತ್ತಿದ್ದರೆ ಇಲ್ಲ ಅನ್ನುವುದು ಎಷ್ಟೋ ಸುಲಭವಾಗುತ್ತಿತ್ತು.

ಖಾಲಿ ಸಾಲನ್ನು ಖಾಲಿ ಬಿಟ್ಟು, ಪುಟದ ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿ ಬರೆದಳು: “ಎರಡರಲ್ಲಿ ಒಂದು ಎಸೆದದ್ದಲ್ಲ. ನನ್ನ ತಂಗಿಯ ಮೊಮ್ಮಗಳಿಗೆ ಹಾಕಿದ್ದು. ಅಂದೇ ಬರೆಯದ ತಪ್ಪು ನನ್ನದು.” ರಿಜಿಸ್ಟರು ಹೊತ್ತುಕೊಂಡು ಪಕ್ಕದ ಕೋಣೆಯ ಡಾಕ್ಟರ ಮುಂದೆ ಇಟ್ಟಳು.

“ಇದೇನ್ರೀ, ಐದು ವರ್ಷ ಆದ್ಮೇಲೆ? ಇದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ.”

“ಗೊತ್ತು ಸರ್.”

“ಗೊತ್ತಿದ್ದೂ ಯಾಕೆ ಬರೆದ್ರಿ? ಈಗ ನಿಮಗೊಂದು ಮೆಮೋ ಕೊಡ್ಬೇಕಾಗುತ್ತೆ.”

“ಕೊಡಿ ಸರ್. ಕೂತ್ಕೊಂಡೇ ತಗೋತೀನಿ, ಮಂಡಿ ನೋವು.”

ವಾಪಸ್ಸು ಬಂದು ಸೂಜಿ ತೆಗೆದಾಗ ತಂಗಿಯ ಮಗಳ ಮುಖ ಊದಿತ್ತು. “ಸ್ವಂತ ದೊಡ್ಡಮ್ಮ ಅಂತ ಬಂದೆ ನೋಡಿ, ನನ್ನ ಬುದ್ಧಿಗೆ ಏನು ಹೇಳ್ಬೇಕು! ಗುರುತಿಲ್ಲದವರಾದ್ರೂ ಒಂದು ಸೀಲು ಒತ್ತಿರೋರು.”

ಮಗು ತೋಳು ಕೊಡಲಿಲ್ಲ. “ಚುಚ್ಚಜ್ಜಿ, ಹಾಕಿದ್ದನ್ನೇ ಮತ್ತೆ ಯಾಕೆ ಹಾಕ್ತೀಯಾ?”

“ಆವತ್ತಿನದು ಎಸೆದುಬಿಟ್ಟೆ ಅಂತ ಬರೆದಿದ್ದೀನಿ ಕಣೆ.”

“ನನ್ನ ಕೈಯೊಳಗೆ ಎಸೆದ್ಯಾ?”

“ಹೂಂ.”

ಮಗು ಸ್ವಲ್ಪ ಹೊತ್ತು ತನ್ನ ತೋಳನ್ನೇ ಅನುಮಾನದಿಂದ ನೋಡಿಕೊಂಡಿತು. ಆಮೇಲೆ ಮುಂದೆ ಚಾಚಿತು.

ಶುಕ್ರವಾರ ಪಟ್ಟಿ ಮುಗಿಯಿತು. ಎರಡೂ ಹುಡುಗಿಯರು ಅದರಲ್ಲಿರಲಿಲ್ಲ.

ತಿಂಗಳ ಮೇಲೆ ಎರಡನೆಯ ಸೂಜಿಗೆ ಇಬ್ಬರು ತಾಯಂದಿರೂ ಅದೇ ಬೆಂಚಿನ ಮೇಲೆ ಕೂತಿದ್ದರು. ಮಕ್ಕಳು ಮೊಲದ ಉಳಿದ ಕಿವಿ ಹಿಡಿದು ಜಗ್ಗಾಡುತ್ತಿದ್ದವು. ತಂಗಿಯ ಮಗಳು ದೊಡ್ಡಮ್ಮನ ಜೊತೆ ಇನ್ನೂ ಮಾತು ಬಿಟ್ಟಿದ್ದಳು. ಆ ಕೋಪವನ್ನು ಪಕ್ಕದವಳ ಹತ್ತಿರ ತೋಡಿಕೊಂಡಳು.

“ನಿಮಗೂ ಹಾಗೇ ಅಂದ್ರಾ?” ಹೊಲಿಗೆಯವಳು ನಂಬಲಿಲ್ಲ. “ಸ್ವಂತದವ್ರಿಗೂ?”

“ಬರೆದಿಲ್ಲ ಅಂದ್ರೆ ಹಾಕಿಲ್ಲವಂತೆ!”

ಹೊಲಿಗೆಯವಳು ಚುಚ್ಚಕ್ಕನ ಕಡೆ ಒಮ್ಮೆ ನೋಡಿದಳು. ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಇಬ್ಬರೂ ಬಸ್ಸಿನ ವಿಷಯ ಮಾತಾಡಿಕೊಂಡಿದ್ದರು: ದೂರದ ಶಾಲೆಗೆ ಬೆಳಿಗ್ಗೆ ಮಕ್ಕಳನ್ನು ತಂಗಿಯ ಮಗಳು ಬಿಡುವುದು, ನಿದ್ದೆ ಮುಗಿಸಿ ಮಧ್ಯಾಹ್ನ ಹೊಲಿಗೆಯವಳು ಕರೆತರುವುದು. ಹೋಗುವಾಗ ಇಬ್ಬರಲ್ಲಿ ಒಬ್ಬರೂ ಚುಚ್ಚಕ್ಕನಿಗೆ ಹೇಳಿ ಹೋಗಲಿಲ್ಲ.

ಐದು ಗಂಟೆಗೆ ಅವಳು ಫ್ರಿಜ್ಜಿನ ಬಾಗಿಲು ಒತ್ತಿ ನೋಡಿದಳು. ತೆರೆದ ಸೀಸೆಯಲ್ಲಿ ಇಬ್ಬರಿಗಾಗುವಷ್ಟು ಉಳಿದಿತ್ತು. ಕಸದ ಡಬ್ಬಿಗೆ ಎಸೆದಳು. “ಎಸೆದದ್ದು: ಎರಡು” ಎಂದು ಬರೆದು, ಎದ್ದು, ಮತ್ತೆ ನೋವಿನ ಮಂಡಿ ಮಡಚಿ ಡಬ್ಬಿಯೊಳಗೆ ಇಣುಕಿದಳು. ಸೀಸೆ ಅಲ್ಲೇ ಇತ್ತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.