ಪಿಸ್ಟನ್ ಇಲ್ಲದ ಕಾರಿನಲ್ಲಿ ಲಗ್ನಪತ್ರಿಕೆ

ಮೊನ್ನೆ ಬೀರು ಓರಣ ಮಾಡುವಾಗ ಅಕ್ಕನ ಮಗಳ ಲಗ್ನಪತ್ರಿಕೆಯೊಂದು ಸಿಕ್ಕಿತು. ತಕ್ಷಣ ಮೂಗಿಗೆ ಹಿಡಿದೆ. ಲಗ್ನಪತ್ರಿಕೆಯನ್ನು ಯಾರಾದರೂ ಮೂಸುತ್ತಾರೆಯೇ ಎನ್ನಬೇಡಿ. ಆ ಮದುವೆಗೆ ಬಂದವರೆಲ್ಲ ಮೊದಲು ಮೂಸಿ, ಆಮೇಲೆ ಓದಿದವರೇ. ನಾಲ್ಕು ಮೂಲೆಗೆ ಅರಿಶಿನ, ಮೈಯೆಲ್ಲ ಪೆಟ್ರೋಲ್ ವಾಸನೆ. ಅಂಥ ಪತ್ರಿಕೆ ನಮ್ಮ ಮಧುಗಿರಿ ಸೀಮೆಯಲ್ಲಿ ಇನ್ನೊಂದನ್ನು ಯಾರೂ ಹಂಚಿರಲಾರರು.

ಕಾರಣ ನನ್ನ ಭಾವ. ತಿರುಮಣಿಯ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಅವರ ಕೈಗೆ ಕೆಲಸವಿಲ್ಲದಾಯಿತು, ತಲೆ ಓಡತೊಡಗಿತು. ಬೆಂಗಳೂರಿನಿಂದ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಕೆಂಪು ಬಣ್ಣ, ಎರಡೇ ಬಾಗಿಲು. ನೆಲಕ್ಕೆ ಎಷ್ಟು ತಗ್ಗೆಂದರೆ ಒಳಗೆ ಕೂತವನು ಎದುರು ಬರುವ ಕುರಿಗಳ ಮುಖಕ್ಕೆ ಮುಖ ಕೊಟ್ಟು ಹೋಗಬೇಕು.

"ಇದರಲ್ಲಿ ಪಿಸ್ಟನ್ನೇ ಇಲ್ಲ ಕಣೋ ಬಾಮೈದ. ಮೂರು ಮೂಲೆ ಬಿಲ್ಲೆ ಒಂದು ಒಳಗೇ ಗಿರಗಿರ ಸುತ್ತುತ್ತೆ, ನಮ್ಮ ರಾಗಿಕಲ್ಲಿನಂಗೆ," ಎಂದರು.

"ಭಾವ, ಏನೋ ವಾಸನೆ..."

"ಪೆಟ್ರೋಲ್ ಕಾರಲ್ವೇನೋ? ಮಲ್ಲಿಗೆ ವಾಸ್ನೆ ಬರಬೇಕಿತ್ತಾ?"

ನಾನು ಕಾರು ಹತ್ತಿ ಕೂತೆ. ಅಕ್ಕನ ಗಂಡನಿಗೆ ಎದುರು ಮಾತಾಡುವುದಕ್ಕಿಂತ ಪೆಟ್ರೋಲ್ ಕುಡಿಯುವುದು ಸುಲಭ ಎಂದುಕೊಂಡಿದ್ದ ಕಾಲ ಅದು. ಅಕ್ಕ ಮಾತ್ರ ಒಂದೇ ಸಲ ಕೂತು ಇಳಿದು, "ನನ್ನ ರೇಷ್ಮೆ ಸೀರೆ ಬಂಕಿನಂಗೆ ನಾರ್ತದೆ" ಎಂದು ಆ ಕಾರಿಗೆ ಕೈಮುಗಿದುಬಿಟ್ಟಳು.

ಅವಳ ಸಮಾಧಾನಕ್ಕೆ ಭಾವ ಕಾರನ್ನು ಶಿರಾಕ್ಕೆ ಒಯ್ದರು. ಅಲ್ಲಿನ ಮೆಕ್ಯಾನಿಕ್ ಸಾಬ್ಜಾನ್ ಲಾರಿ, ಟ್ರ್ಯಾಕ್ಟರುಗಳ ನಾಡಿ ಹಿಡಿದೇ ಕೂದಲು ನರೆಸಿಕೊಂಡವನು. ಟಾರ್ಚ್ ಹಾಕಿಕೊಂಡು ಅರ್ಧ ಗಂಟೆ ಪಿಸ್ಟನ್ ಹುಡುಕಿದ. "ಅರೆ ಭಾಯ್, ಹೊಟ್ಟೇನೇ ಇಲ್ದಿರೋನ್ನ ಹೊಟ್ಟೆನೋವು ಅಂತ ಕರ್ಕೊಂಡ್ ಬಂದಿದ್ದೀರಲ್ಲ!" ಎಂದ. ಆದರೂ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಪ್ಲಗ್ಗುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದ. ವಾಸನೆ ಹೋಗಲಿಲ್ಲ. ಮೇಲಾಗಿ ಹೊಸ ಕಾಯಿಲೆಯೊಂದು ಅಂಟಿತು: ಓಡುವಾಗ ಸರಿಯಿದ್ದ ಕಾರು ನಿಂತೊಡನೆ ಚಳಿಜ್ವರ ಬಂದಂತೆ ನಡುಗಿ ಆರಿಹೋಗುತ್ತಿತ್ತು. ಆರಿದರೆ ಮತ್ತೆ ಹೊತ್ತಲು ಅರ್ಧ ದಿನ.

ಮದುವೆಗೆ ಮೂರು ವಾರವಿತ್ತು. ನೆಂಟರನ್ನು ಕರೆಯಬೇಕು. ಭಾವ ಉಪಾಯ ಹೂಡಿದರು: ಕಾರು ನಿಲ್ಲಿಸುವುದೇ ಬೇಡ. ಅವರು ಊರು ಸುತ್ತುತ್ತಿರುವುದು, ನಾನು ನೆಂಟರ ಬಾಗಿಲಲ್ಲಿ ಹಾರಿ ಇಳಿದು ಕುಂಕುಮವಿಟ್ಟು ಪತ್ರಿಕೆ ಕೊಡುವುದು, ಮುಂದಿನ ಸುತ್ತಿಗೆ ಹತ್ತಿಕೊಳ್ಳುವುದು. ಕೊರಟಗೆರೆಯಲ್ಲಿ ಯಾರೋ ಕಾಫಿ ಲೋಟ ಕೈಗಿಟ್ಟರು. ಅಷ್ಟರಲ್ಲಿ ಕಾರು ಬಂತು. ಲೋಟದ ಸಮೇತ ಓಡಿದೆ. ನಿಡುಗಲ್ಲಿನಲ್ಲಿ ಎಮ್ಮೆ ಅಡ್ಡ ಬಂದು ಭಾವನ ಸುತ್ತು ತಪ್ಪಿತು. ನಾನು ಊರಾಚೆವರೆಗೆ ಬೆನ್ನಟ್ಟಿದೆ. "ಇವ್ರು ಮದ್ವೆಗೆ ಕರೆಯಾಕ್ ಬಂದ್ರೋ, ಓಟು ಕೇಳಾಕ್ ಬಂದ್ರೋ?" ಎಂದು ಹಿಂದಿನಿಂದ ಒಬ್ಬರು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಕೊನೆಗೆ ದೊಡ್ಡೇರಿ. ಅಲ್ಲಿ ಭಾವನ ದೊಡ್ಡಮ್ಮ. ತಾಯಿಯಿಲ್ಲದ ಭಾವನನ್ನು ಸಾಕಿ ಬೆಳೆಸಿದವಳು. ನಾನು ಚಾಚಿದ ಪತ್ರಿಕೆಯನ್ನು ಮುಟ್ಟಲಿಲ್ಲ.

"ಕಾರಿಂದ ಇಳೀದೆ ಕರೆಯೋ ಮದ್ವೆಗೆ ನಾನ್ ಬರಾಕಿಲ್ಲ ಅಂತ ಹೇಳು ಅವನ್ಗೆ."

ಮುಂದಿನ ಸುತ್ತಿಗೆ ಕಾರಿನ ಪಕ್ಕ ಓಡುತ್ತ ಹೇಳಿದೆ.  ಭಾವ ಇನ್ನೂ ಒಂದು ಸುತ್ತು ಹೋದರು. ತಿರುಗಿ ಬಂದಾಗ ಕಣ್ಣು ಒದ್ದೆಯಾಗಿತ್ತು. ಕಾರನ್ನು ನೇರ ಅಂಗಳಕ್ಕೆ ನುಗ್ಗಿಸಿ ಕಾಲು ತೆಗೆದರು. ಅದು ನಡುಗಿ, ಕೆಮ್ಮಿ, ಆರಿತು.

ದೊಡ್ಡಮ್ಮ ಮೂಗಲ್ಲಿ ಗಾಳಿ ಎಳೆದುಕೊಂಡಳು. ಮರುಕ್ಷಣವೇ ಓಡಿಹೋಗಿ ಅಂಗಳದಲ್ಲಿ ಉರಿಯುತ್ತಿದ್ದ ಹಂಡೆ ಒಲೆಗೆ ಒಂದು ಕೊಡ ನೀರು ಸುರಿದಳು. ಆಮೇಲೆ ಕಾರಿನ ಬಾನೆಟ್ ಎತ್ತಿಸಿ, ಬಗ್ಗಿ, "ಕೀ ತಿರುವು ನೋಡಾನ" ಎಂದಳು. ಭಾವ ತಿರುವಿದರು. ಅವಳ ಮೂಗು ಎಂಜಿನ್ನಿನ ಮೇಲೆ ಗೇಣುಗೇಣು ಸರಿದು ಒಂದು ಕಡೆ ನಿಂತಿತು.

"ಇಲ್ಲಿ ಕಣ್ಲಾ ನಾಗ, ಈ ತಗಡಿನ ಅಡೀಲಿ. ಹಾಲು ಒಡಿಯಾಕ್ ಮುಂಚೆ ಮೂಗಲ್ಲೇ ಹೇಳೋಳು ನಾನು. ನಿಂಗೆ ಇದು ಗೊತ್ತಾಗ್ಲಿಲ್ವಾ?" ಎಂದು ಭಾವನನ್ನು ಕೇಳಿದಳು.

ಫೋನು ಮಾಡಿದ್ದಕ್ಕೆ ಸಾಬ್ಜಾನ್ ಬೈಕಿನಲ್ಲಿ ಬಂದ. ಅವಳು ತೋರಿಸಿದ ಕಡೆಯೇ ಬಿಚ್ಚಿದ. ಪೆಟ್ರೋಲ್ ಹರಿಯುವ ರಬ್ಬರ್ ಪೈಪು ಸೀಳಿತ್ತು. ಕಾದ ಎಂಜಿನ್ ಮೇಲೆ ಪೆಟ್ರೋಲ್ ಹನಿ ಹನಿ ಬೀಳುತ್ತಿತ್ತು. ಸಾಬ್ಜಾನ್ ನೆಲದ ಮೇಲೆ ಕೂತುಬಿಟ್ಟ.

"ಭಾಯ್, ಇಷ್ಟು ದಿನ ನೀವು ಒಲೆ ಮೇಲೆ ಕೂತ್ಕೊಂಡು ಲಗ್ನಪತ್ರಿಕೆ ಹಂಚಿದ್ದೀರಿ."

 ಪೈಪು ಬದಲಾಯಿಸುವಾಗ ಬದಿಯಲ್ಲಿ ಜೋತಾಡುತ್ತಿದ್ದ ಬೆರಳು ಗಾತ್ರದ ಗಾಳಿಪೈಪೊಂದು ಅವನ ಕಣ್ಣಿಗೆ ಬಿತ್ತು. ಅದನ್ನು ನೋಡಿದ, ನಮ್ಮನ್ನು ನೋಡಿದ. "ನಡುಕ ಇದರಿಂದ. ಅವತ್ತು ಪ್ಲಗ್ ಬಿಚ್ಚಿದಾಗ ನಾನೇ ಹಾಕೋದು ಮರೆತಿದ್ದೆ," ಎಂದು ತಲೆ ತಗ್ಗಿಸಿದ. ಭಾವ ಬೈಯಲಿಲ್ಲ. ಯಾವ ಬಾಯಲ್ಲಿ ಬೈದಾರು?

ಎರಡೂ ಪೈಪು ಕೂತ ಮೇಲೆ ಕಾರು ನಿಂತಲ್ಲೇ ಗುಂಯ್ ಎಂದು ತಣ್ಣಗೆ ಹಾಡತೊಡಗಿತು. ಭಾವ ಅದನ್ನು ಆರಿಸಿ, ಕಾಲು ತೊಳೆದು, ಒಳಗೆ ಹೋಗಿ ದೊಡ್ಡಮ್ಮನಿಗೆ ಅಡ್ಡಬಿದ್ದು ಪತ್ರಿಕೆ ಕೊಟ್ಟರು. ಅವಳು ಅವರ ತಲೆ ಸವರಿ, "ಬತ್ತೀನಿ ಕಣಪ್ಪ, ಮೊಮ್ಮಗಳ ಮದ್ವೆಗೆ ಬರ್ದೆ ಇರ್ತೀನಾ? ಆದ್ರೆ ಬಸ್ಸಲ್ಲಿ," ಎಂದಳು.

ಬಂದಳು, ಬಸ್ಸಿನಲ್ಲೇ.

ಆಮೇಲಿನಿಂದ ನನಗೆ ದಾಕ್ಷಿಣ್ಯವೆಂಬುದು ಕಡಿಮೆಯಾಗಿದೆ. ಹೋದ ವಾರ ಷಡ್ಡಕರ ಬೈಕಿನ ಹಿಂದೆ ಕೂತಿದ್ದೆ. ಬ್ರೇಕು ಕಿರ್ರೆಂದಿತು. ಹೇಳಿದೆ. "ಹೊಸದರಲ್ಲಿ ಹಾಗೇ," ಎಂದರು. ನಡುರಸ್ತೆಯಲ್ಲೇ ಇಳಿದುಬಿಟ್ಟೆ. ಅವರಿಗೆ ಕೋಪ ಬಂತು, ಹೋದರು, ಇವತ್ತಿಗೂ ಮಾತಾಡಿಲ್ಲ. ಬಿಸಿಲಲ್ಲಿ ಮನೆತನಕ ನಡೆದು ಬಂದೆ. ಕಾಲು ನೋಯುತ್ತಿದೆ. ಅಷ್ಟೇ.