ಮರಳಿ ಬಂದ ಪೆಟ್ಟಿಗೆ

ಮಾವಶಿಯ ಎಡಗೈ ತೋರುಬೆರಳಿನ ತುದಿ ಒರಟಾಗಿತ್ತು. ಚಿಕ್ಕಂದಿನಿಂದ ಕಸೂತಿಯ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮವೇ ಬೇರೆಯಾಗಿಬಿಟ್ಟಿತ್ತು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದರು. ಐದು ಬೆರಳುಗಳಲ್ಲಿ ಅದೊಂದೇ ಗೊತ್ತಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಕೆನಡಾದ ಸ್ಕಾರ್‌ಬರೋದ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಬಾಗಿಲು ನಮ್ಮದು. ಅವರು ಟರ್ಕಿಯವರು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು, ಮಕ್ಕಳಿರಲಿಲ್ಲ. ನಾನು ಅವರನ್ನು ನಮ್ಮ ಧಾರವಾಡದ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದೆ. ಅರ್ಥ ಕೇಳಿ ತಿಳಿದುಕೊಂಡು, ಅಂದಿನಿಂದ ನನ್ನನ್ನು ಮಗಳೇ ಎನ್ನತೊಡಗಿದರು.

ನಾನು ಒಬ್ಬಳೇ ಇದ್ದೆ. ಮದುವೆಯಾಗಿ ಓಕ್‌ವಿಲ್‌ಗೆ ಬಂದ ಮೇಲೆ ಗಂಡನಿಗೆ ಇಲ್ಲಿ ಮೊದಲೇ ಇನ್ನೊಬ್ಬಳಿದ್ದಾಳೆಂದು ತಿಳಿದು ಮನೆ ಬಿಟ್ಟಿದ್ದೆ. ಊರಿಗೆ ತಿಳಿಸಿರಲಿಲ್ಲ. ಭಾನುವಾರ ಅವ್ವ ಫೋನಿನಲ್ಲಿ ಕೇಳಿದರೆ, "ಅವರು ಶಿಫ್ಟಿಗೆ ಹೋಗ್ಯಾರವ್ವಾ" ಎನ್ನುತ್ತಿದ್ದೆ. ಮಾವಶಿಗೂ ಅದನ್ನೇ ಹೇಳಿದ್ದೆ. ಒಮ್ಮೆ ನಮ್ಮ ದೇಶದವರ ಜೆರಾರ್ಡ್ ಬಜಾರಿನ ಅಂಗಡಿಯಲ್ಲಿ ಹಿಂದಿನಿಂದ ಯಾರೋ "ಕನ್ನಡದವ್ರಾ? ಯಜಮಾನ್ರು ಬಂದಿಲ್ವಾ?" ಎಂದದ್ದೇ ತಡ, ತೂಕಕ್ಕಿಟ್ಟ ಬೇಳೆಯನ್ನೂ ಬಿಟ್ಟು ಬೀದಿಗೆ ಬಂದೆ. ತಪ್ಪು ನನ್ನದಲ್ಲವೆಂದು ಗೊತ್ತಿತ್ತು. ನಾಚಿಕೆ ಮಾತ್ರ ನನ್ನದೇ ಆಗಿತ್ತು.

ಮಾವಶಿ ಕಿಟಕಿಯ ಬಳಿ ಕೂತು ಕಸೂತಿ ಹಾಕುತ್ತಿದ್ದರು: ಕೈ ಒರೆಸುವ ವಸ್ತ್ರದ ಅಂಚಿಗೆ ದಾಳಿಂಬೆ ಹೂವು, ದಿಂಬಿನ ಚೀಲಕ್ಕೆ ಬಳ್ಳಿ. ಬಟ್ಟೆಯ ಎಳೆ ಎಣಿಸಿ ಹಾಕಿದ ಆ ಕೆಲಸಕ್ಕೆ ಗಂಟಿಲ್ಲ. ಒಳಗೂ ಹೊರಗೂ ಒಂದೇ ಹೂವು. ಅವ್ವನ ಇಳಕಲ್ ಸೀರೆಯ ಕಸೂತಿಯೂ ಹಾಗೇ ಇತ್ತು. ಮೆಚ್ಚಿದರೆ ಸಾಕು, "ಹಿಂದೆ ನೋಡು, ಹಿಂದೆ" ಎಂದು ತಿರುಗಿಸಿ ತೋರಿಸುವರು. ಕಟ್ಟಡದಲ್ಲಿ ಯಾರಿಗೆ ಮಗು ಹುಟ್ಟಿದರೂ ಅವರ ವಸ್ತ್ರವೊಂದು ಹೋಗುತ್ತಿತ್ತು. ಅವರ ಸ್ವಂತ ಮನೆಯಲ್ಲಿ ಮಾತ್ರ ಅಂಗಡಿಯ ಬೋಳು ಟವೆಲ್ಲು.

ಒಂದು ಬೇಸಿಗೆಯಲ್ಲಿ ಬೇಸ್‌ಮೆಂಟಿನ ಪೈಪು ಒಡೆದು ಎಲ್ಲರೂ ಸಾಮಾನು ತುಂಬಿಡುವ ಲಾಕರುಗಳಿಗೂ ನೀರು ನುಗ್ಗಿತು. ಮಾವಶಿ ನನ್ನ ಬಾಗಿಲು ಬಡಿದರು. ಮುಖ ಬಿಳಿಚಿತ್ತು.

"ಬಾ ಮಗಳೇ, ಬೇಗ. ನನ್ನ ಗಂಡ ಬರೋದರೊಳಗೆ ಆಗಬೇಕು."

ಇಬ್ಬರೂ ಸೇರಿ ಒಂದು ಮರದ ಪೆಟ್ಟಿಗೆಯನ್ನು ಮೇಲಕ್ಕೆ ತಂದೆವು. ಅದರ ತುಂಬ ಹಾಸಿಗೆಯ ಹೊದಿಕೆ, ಮುಖ ಒರೆಸುವ ವಸ್ತ್ರ, ಬಟ್ಟೆ ಕಟ್ಟಿಡುವ ಚೌಕಗಳು. ಎಲ್ಲದರ ಮೇಲೂ ರೇಷ್ಮೆ ದಾರದ, ಜರಿಯ ಹೂವುಗಳು. ಒಂದೊಂದೇ ಬಾತ್‌ಟಬ್ಬಿನಲ್ಲಿ ಹಿಂಡಿ ಸೋಫಾ, ಕುರ್ಚಿ, ಬಾಲ್ಕನಿಯ ಮೇಲೆಲ್ಲ ಹರವಿದೆವು. ಪ್ರತಿಯೊಂದರ ಮೂಲೆಯಲ್ಲೂ ಎರಡು ಅಕ್ಷರಗಳಿದ್ದವು. ಒಂದು ಮಾವಶಿಯ ಹೆಸರಿನದು. ಇನ್ನೊಂದು ಅವರ ಗಂಡನದಲ್ಲ.

ನಾನು ನೋಡಿದ್ದನ್ನು ಅವರು ನೋಡಿದರು. ಹಿಂಡುತ್ತಲೇ ಹೇಳಿದರು. ಹುಡುಗಿಯಾಗಿದ್ದಾಗ ನೆಂಟಸ್ತಿಕೆ ಕೂಡಿತ್ತು. ಅಲ್ಲಿನ ಪದ್ಧತಿಯಂತೆ ಮದುವೆಗೆ ಮೊದಲೇ ಈ ಪೆಟ್ಟಿಗೆಯನ್ನು ಮೆರವಣಿಗೆಯಲ್ಲಿ ಗಂಡಿನ ಮನೆಗೆ ಕಳಿಸಿದರು. ಹುಡುಗ ಜರ್ಮನಿಯಲ್ಲಿ ಬೇರೆಯವಳನ್ನು ಕಟ್ಟಿಕೊಂಡ. ಪೆಟ್ಟಿಗೆ ಅದೇ ಬೀದಿಯಲ್ಲಿ, ಹಾಡು ಬಾಜಾಭಜಂತ್ರಿ ಇಲ್ಲದೆ, ಹಗಲಿನಲ್ಲೇ ವಾಪಸು ಬಂತು.

"ಎಲ್ಲ ಕಿಟಕಿಯಲ್ಲೂ ಜನ. ಅಪ್ಪ ತಲೆ ಎತ್ತಲಿಲ್ಲ. ಆಮೇಲೆ ಕೆನಡಾದಿಂದ ಇವರು ಬಂದರು. ನಾನು ಹೇಳಲಿಲ್ಲ. ಬಿಸಾಡೋಕೂ ಆಗಲಿಲ್ಲ. ನನ್ನ ಕೈಯ ಕೆಲಸ ಅಲ್ವಾ ಇದು?"

ಅಷ್ಟರಲ್ಲಿ ಬೀಗ ತಿರುಗಿತು. ಟ್ಯಾಕ್ಸಿ ಕೆಟ್ಟು ಗಂಡ ಬೇಗ ಬಂದಿದ್ದರು. ಮಾವಶಿ ಅಡುಗೆಯ ಏಪ್ರನ್ನೆತ್ತಿ ಮುಖ ಮುಚ್ಚಿಕೊಂಡರು. ನನಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಆ ಮನುಷ್ಯ ಕುರ್ಚಿಯಿಂದ ಕುರ್ಚಿಗೆ ಹೋಗಿ ಮೂಲೆಗಳನ್ನು ಎತ್ತಿ ನೋಡಿದರು. ಬಾತ್‌ರೂಮಿಗೆ ಹೋದರು. ನೀರಿನ ಸದ್ದು ಕೇಳಿತು. ತೊಟ್ಟಿಕ್ಕುವ ಮುಖದಲ್ಲೇ ಹೊರಗೆ ಬಂದು, ಬಾಲ್ಕನಿಯ ಬಿಸಿಲಿಗೆ ಆಗಲೇ ಒಣಗಿದ್ದ ವಸ್ತ್ರವೊಂದನ್ನು ಎಳೆದುಕೊಂಡು ಮುಖ, ಕುತ್ತಿಗೆ ಎಲ್ಲ ಒರೆಸಿಕೊಂಡರು. ತಮ್ಮ ಭಾಷೆಯಲ್ಲಿ ಏನೋ ಅಂದರು. ಮಾವಶಿ ಏಪ್ರನ್ನಿನೊಳಗೇ ಬಿಕ್ಕಿದರು. ನಾನು ಮೆಲ್ಲಗೆ ಹೊರಗೆ ಬಂದೆ.

ಮರುದಿನ ಚಹಾಕ್ಕೆ ಕರೆದರು.

"ಏನಂದರು ನಿನ್ನೆ?" ಎಂದು ಕೇಳಿದೆ.

"'ಇಷ್ಟು ಒಳ್ಳೇದು ಇಟ್ಕೊಂಡು ನನಗೆ ಸೇಲ್‌ನ ಟವೆಲ್ ಕೊಟ್ಟೆಯಲ್ಲೇ' ಅಂದರು." ನಕ್ಕರು. ಆಮೇಲೆ ಕಪ್ಪನ್ನು ಕೆಳಗಿಟ್ಟರು. "ನಿನ್ನ ಗಂಡ ಯಾವ ಶಿಫ್ಟು ಮಗಳೇ? ಅವನ ಒಂದು ಶರ್ಟೂ ಲಾಂಡ್ರಿ ರೂಮಿನಲ್ಲಿ ನೋಡಲಿಲ್ಲ ನಾನು."

ತಲೆ ತಗ್ಗಿಸಿದೆ. ಅವರು ಮುಂದೆ ಏನೂ ಕೇಳಲಿಲ್ಲ. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ನನ್ನ ಕಡೆ ಸರಿಸಿದರು.

ಆ ಭಾನುವಾರ ಊರಿಗೆ ಫೋನು ಮಾಡಿದೆ. "ಅವ್ವಾ, ನಾ ಇಲ್ಲೆ ಒಬ್ಬಾಕಿನ ಇದ್ದೀನಿ. ಭಾಳ ದಿನಾ ಆತು" ಎಂದೆ. ಅವ್ವ, "ಒಬ್ಬಾಕಿನ ಇದ್ರ ಅಡಿಗಿ ಮಾಡ್ಕೊಂಡು ಉಣ್ಣತಿಯೋ ಇಲ್ಲೋ, ಯವ್ವಾ?" ಎಂದಳು. ಅಪ್ಪ ಬಹಳ ಕಾಲ ನನ್ನೊಡನೆ ಮಾತಾಡಲಿಲ್ಲ. ಬಂಧುಗಳು ಆಡಿಕೊಂಡರು. ನಾಚಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಆದರೆ ಸುಳ್ಳು ಹೇಳುವ ಕೆಲಸ ತಪ್ಪಿತು; ರಾತ್ರಿ ನಿದ್ದೆ ಬರತೊಡಗಿತು.

ಕೆಲವು ವರ್ಷಗಳ ಮೇಲೆ ನಾನು ಮಿಸಿಸಾಗಾಕ್ಕೆ ಮನೆ ಬದಲಿಸಿದೆ. ಮಾವಶಿಗೆ ಕಾಯಿಲೆ ಎಂದು ತಿಳಿದು ಎರಡು ಸಲ ಹೋಗಿ ನೋಡಿ ಬಂದೆ. ಮೂರನೆಯ ಸಲ ಹೋಗುವ ಮೊದಲೇ, ಮಾವಶಿ ತೀರಿಕೊಂಡರೆಂದು ಅವರ ಗಂಡನ ಫೋನು ಆಫೀಸಿಗೆ ಬಂತು. ಕಣ್ಣು ತುಂಬಿದರೆ ವಾಶ್‌ರೂಮಿಗೆ ಓಡಿ ಬಾಗಿಲು ಹಾಕಿಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. ಅವತ್ತು ಏಳಲಿಲ್ಲ. ಕೂತಲ್ಲೇ, ಎಲ್ಲರ ಎದುರಿಗೆ, ಬಾಯಿಬಿಟ್ಟು ಅತ್ತೆ.